ಸಾರ್ತ್ರೆ–ಕಮೂ: ಒಂದು ಮಹಾಮೈತ್ರಿಯ ಉದಯಾಸ್ತ

1944ರ ಜೂನ್ 16. ಮಿತ್ರರಾಷ್ಟ್ರಗಳ ಸೇನೆ ನಾರ್ಮಂಡಿಯ ಕಡಲತೀರದಲ್ಲಿ ಇಳಿದು ಹತ್ತೇ ದಿನಗಳಾಗಿವೆ. ಪ್ಯಾರಿಸ್ ಇನ್ನೂ ಜರ್ಮನರ ಹಿಡಿತದಲ್ಲಿದೆ. ಆ ನಗರದ ಒಂದು ವಿಶಾಲ ಚಿತ್ರಶಾಲೆಯಲ್ಲಿ ಬ್ರಸ್ಸಾಯ್ ಎಂಬ ಪ್ರಖ್ಯಾತ ಛಾಯಾಗ್ರಾಹಕ ಸೆರೆಹಿಡಿದ ಕಪ್ಪುಬಿಳುಪಿನ ಚಿತ್ರವೊಂದು ಇಪ್ಪತ್ತನೆಯ ಶತಮಾನದ ಬೌದ್ಧಿಕ ಚರಿತ್ರೆಯ ಅಪೂರ್ವ ನಿಧಿಗಳಲ್ಲಿ ಒಂದು. ನಡುಮಧ್ಯೆ ಕೈಕಟ್ಟಿ ನಿಂತವನು ಮನೆಯೊಡೆಯ ಪಾಬ್ಲೊ ಪಿಕಾಸೊ. ಸುತ್ತಲೂ ನಿಂತ ಗುಂಪಿನಲ್ಲಿ ಮನೋವಿಶ್ಲೇಷಕ ಜಾಕ್ ಲಕಾನ್ ಇದ್ದಾನೆ, ಲೇಖಕಿ ಸಿಮೊನ್ ದ ಬೋವಾ ಇದ್ದಾಳೆ. ಮುಂದೆ ನೆಲದ ಮೇಲೆ ಕುಳಿತವರಲ್ಲಿ ಇಬ್ಬರನ್ನು ಗಮನಿಸಬೇಕು. ಕನ್ನಡಕ ಧರಿಸಿ ಪೈಪು ಹಿಡಿದು ಕುಳಿತ ಗಿಡ್ಡ ದೇಹದವನು ಜಾನ್ ಪಾಲ್ ಸಾರ್ತ್ರೆ. ಕುಕ್ಕರಗಾಲಲ್ಲಿ ಕುಳಿತು, ಕ್ಯಾಮೆರಾವನ್ನು ಲೆಕ್ಕಿಸದೆ ಪಿಕಾಸೊನ ನಾಯಿ ಕಜ್ಬೆಕ್‌ನ ಕಡೆ ನೋಡುತ್ತಿರುವ ಸುಂದರ ತರುಣ ಆಲ್ಬೇರ್ ಕಮೂ.

ಅವರೆಲ್ಲ ಅಲ್ಲಿ ನೆರೆಯಲು ಒಂದು ನಾಟಕ ಕಾರಣ. ಪಿಕಾಸೊ ತಮಾಷೆಗೆಂದು ಬರೆದ ಒಂದು ವಿಚಿತ್ರ ನಾಟಕವನ್ನು ಮೂರು ತಿಂಗಳ ಹಿಂದೆ ಸ್ನೇಹಿತನೊಬ್ಬನ ಮನೆಯಲ್ಲಿ ಈ ಬಳಗ ಓದಿ ಆಡಿತ್ತು. ಕಮೂ ಅದರ ನಿರ್ದೇಶಕ, ಸಾರ್ತ್ರೆ ಒಬ್ಬ ನಟ. ಮುಂದೆ ಇಬ್ಬರ ಹೆಸರೂ ನೊಬೆಲ್ ಪ್ರಶಸ್ತಿಗೆ ಬಂತು: ಕಮೂ 1957ರಲ್ಲಿ ಅದನ್ನು ಸ್ವೀಕರಿಸಿದ, ಸಾರ್ತ್ರೆ 1964ರಲ್ಲಿ ನಿರಾಕರಿಸಿದ. ಆದರೆ ಅಷ್ಟರೊಳಗೆ ಆ ಚಿತ್ರದ ನೆಲದ ಮೇಲಿನ ಒಂದು ಮಾರು ಅಂತರ ದಾಟಲಾಗದ ಕಂದಕವಾಗಿತ್ತು. ನ್ಯಾಯದ ಹೆಸರಿನಲ್ಲಿ ಕೊಲ್ಲಬಹುದೇ, ಕೊಂದರೆ ಆ ರಕ್ತದ ಲೆಕ್ಕವನ್ನು ಯಾರು ಇಡಬೇಕು ಎಂಬ ಪ್ರಶ್ನೆ ಅವರನ್ನು ಬೇರ್ಪಡಿಸಿತ್ತು.

ಈ ಸ್ನೇಹ ಮೊಳೆತದ್ದು ಮುಖಪರಿಚಯಕ್ಕೂ ಮುನ್ನ, ಪುಸ್ತಕಗಳ ಮೂಲಕ. 1938ರಲ್ಲಿ ಅಲ್ಜೀರ್ಸ್ ನಗರದ ಒಂದು ಪತ್ರಿಕೆಯಲ್ಲಿ ದುಡಿಯುತ್ತಿದ್ದ ಇಪ್ಪತ್ತನಾಲ್ಕರ ಕಮೂ, ಸಾರ್ತ್ರೆಯ ಮೊದಲ ಕಾದಂಬರಿ 'ವಾಕರಿಕೆ'ಯನ್ನು ವಿಮರ್ಶಿಸಿದ. ಪ್ರತಿಭೆಗೆ ಮನಸಾರೆ ತಲೆದೂಗಿದರೂ ಒಂದು ತಕರಾರನ್ನು ತೆಗೆದ: ಬದುಕು ಅಸಂಗತವೆಂದು ಕಂಡುಕೊಳ್ಳುವುದು ಆರಂಭ ಮಾತ್ರ, ಅಲ್ಲೇ ನಿಂತುಬಿಟ್ಟರೆ ಆಗದು. ಐದು ವರ್ಷಗಳ ಬಳಿಕ, 1943ರ ಫೆಬ್ರವರಿಯಲ್ಲಿ, ಸಾರ್ತ್ರೆ ಕಮೂನ 'ಅನ್ಯ' ಕಾದಂಬರಿಯ ಬಗ್ಗೆ ದೀರ್ಘ ಪ್ರಬಂಧ ಬರೆದ. ಫ್ರೆಂಚ್ ಸಾಹಿತ್ಯಲೋಕದಲ್ಲಿ ಕಮೂನನ್ನು ಪ್ರತಿಷ್ಠಾಪಿಸಿದ ಲೇಖನವದು. ಆದರೆ ಅದರ ನಡುವೆಯೂ ಒಂದು ಚಿವುಟು ಇತ್ತು. ಈ ಲೇಖಕ ಜರ್ಮನ್ ತತ್ತ್ವಜ್ಞಾನಿಗಳ ಹೆಸರನ್ನು ಉದುರಿಸುತ್ತಾನೆ, ಅವರನ್ನು ಸರಿಯಾಗಿ ಅರ್ಥಮಾಡಿಕೊಂಡಂತೆ ಕಾಣುವುದಿಲ್ಲ ಎಂದು ಸಾರ್ತ್ರೆ ಬಿಗುಮಾನದಿಂದ ಸೂಚಿಸಿದ್ದ. ಹತ್ತು ವರ್ಷಗಳ ಅನಂತರ ಇದೇ ಚಿವುಟು ಚಾಟಿಯಾಗಿ ಮರಳಿತು.

1943ರ ಜೂನ್‌ನಲ್ಲಿ ಸಾರ್ತ್ರೆಯ 'ನೊಣಗಳು' ನಾಟಕದ ಪೂರ್ವಪ್ರದರ್ಶನದ ದಿನ, ರಂಗಮಂದಿರದ ಮೊಗಸಾಲೆಯಲ್ಲಿ ಕಪ್ಪುಕೂದಲಿನ ತರುಣನೊಬ್ಬ ಹತ್ತಿರ ಬಂದು ತಾನು ಕಮೂ ಎಂದು ಪರಿಚಯಿಸಿಕೊಂಡ. ಮುಂದೆ ಕಫೆ ದ ಫ್ಲೋರ್‌ನಲ್ಲಿ ಬೋವಾಳೂ ಸೇರಿ ಮೂವರೂ ಕುಳಿತಾಗ ಸಾಹಿತ್ಯದ ಮಾತು ಕುಂಟುತ್ತ ಸಾಗಿತಂತೆ. ರಂಗಭೂಮಿಯ ವಿಷಯ ಬಂದದ್ದೇ ತಡ, ಹರಟೆ ಗರಿಗೆದರಿತು. ಅಲ್ಜೀರ್ಸ್‌ನಲ್ಲಿ ಸ್ವಂತ ನಾಟಕ ತಂಡ ಕಟ್ಟಿ ನಟಿಸಿ ನಿರ್ದೇಶಿಸಿದ್ದ ಕಮೂಗೆ ಸಾರ್ತ್ರೆ ತನ್ನ ಹೊಸ ನಾಟಕವನ್ನೇ ಒಪ್ಪಿಸಿದ: ನಿರ್ದೇಶನವೂ ನಿನ್ನದೇ, ಮುಖ್ಯ ಪಾತ್ರವೂ ನಿನ್ನದೇ. ನರಕವೆಂದರೆ ಒಂದು ಬಾಗಿಲು ಮುಚ್ಚಿದ ಕೋಣೆ ಎಂದು ಬಗೆದ 'ಹುಯಿ ಕ್ಲೋ' ನಾಟಕವದು. ಬೋವಾ ತಂಗಿದ್ದ ಹೋಟೆಲ್ ಕೋಣೆಯಲ್ಲಿ ತಾಲೀಮೂ ನಡೆಯಿತು. ಕೊನೆಗೆ ಆ ಯೋಜನೆ ಕೈಗೂಡದೆ, 1944ರ ಮೇ ತಿಂಗಳಲ್ಲಿ ವೃತ್ತಿಪರ ತಂಡವೇ ಅದನ್ನು ರಂಗಕ್ಕೆ ತಂದಿತು. ಕಮೂ ಸಾರ್ತ್ರೆಯ ನಾಯಕನಾಗಿ ರಂಗವೇರಿದ್ದರೆ ಹೇಗಿರುತ್ತಿತ್ತು ಎಂಬ ಕುತೂಹಲ ಮಾತ್ರ ಇಂದಿಗೂ ರಂಗಪ್ರಿಯರನ್ನು ಬಿಟ್ಟಿಲ್ಲ.

ಇವರಿಬ್ಬರ ಬಾಲ್ಯವನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಇಬ್ಬರೂ ತಂದೆಯನ್ನು ಕಂಡರಿಯದವರು. ಪ್ಯಾರಿಸ್ಸಿನಲ್ಲಿ 1905ರಲ್ಲಿ ಜನಿಸಿದ ಸಾರ್ತ್ರೆಯ ತಂದೆ ನೌಕಾಪಡೆಯ ಅಧಿಕಾರಿ. ಮಗುವಿಗೆ ಎರಡು ತುಂಬುವ ಮೊದಲೇ ತೀರಿಕೊಂಡ. ಬಾಲಕ ಬೆಳೆದದ್ದು ತಾಯಿಯ ತಂದೆಯ ಗ್ರಂಥಭಂಡಾರದಲ್ಲಿ, ಪುಸ್ತಕಗಳನ್ನೇ ಆಟಿಕೆ ಮಾಡಿಕೊಂಡು. ಅಲ್ಜೀರಿಯದ ಮೊಂಡೊವಿಯಲ್ಲಿ 1913ರಲ್ಲಿ ಜನಿಸಿದ ಕಮೂನ ತಂದೆ ದ್ರಾಕ್ಷಾತೋಟದ ಕೆಲಸಗಾರ. ಮೊದಲ ಮಹಾಯುದ್ಧದ ಮಾರ್ನ್ ಕದನದಲ್ಲಿ ಗಾಯಗೊಂಡು 1914ರಲ್ಲೇ ಮಡಿದ. ತಾಯಿ ಕ್ಯಾಥರೀನ್‌ಗೆ ಕಿವಿ ಮಂದ, ಅಕ್ಷರ ಬಾರದು, ಮಾತೂ ಅಪರೂಪ. ಕಂಡವರ ಮನೆಯ ನೆಲ ಒರೆಸಿ ಮಕ್ಕಳನ್ನು ಸಾಕಿದವಳು. ಅಲ್ಜೀರ್ಸ್‌ನ ಬೆಲ್‌ಕೂರ್ ಎಂಬ ಬಡಬಡಾವಣೆಯ ಆ ಮನೆಯಲ್ಲಿ ಒಂದು ಪುಸ್ತಕವೂ ಇರಲಿಲ್ಲ. ಲೂಯಿ ಜೆರ್ಮೇನ್ ಎಂಬ ಶಾಲಾಮಾಸ್ತರರು ಹುಡುಗನ ಕೈಹಿಡಿಯದಿದ್ದರೆ ಅವನು ಯಾವುದೋ ಕಾರ್ಖಾನೆ ಸೇರುತ್ತಿದ್ದ. ನೊಬೆಲ್ ಬಂದಾಗ ಕಮೂ ತಾಯಿಯ ಬಳಿಕ ಮೊದಲು ನೆನೆದದ್ದು ಈ ಗುರುವನ್ನೇ. ಪ್ರಶಸ್ತಿಯ ಭಾಷಣಗಳನ್ನು ಅರ್ಪಿಸಿದ್ದೂ ಅವರಿಗೇ.

ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಆಗಿದ್ದ ಕಮೂನನ್ನು ಹದಿನೇಳನೆಯ ವಯಸ್ಸಿನಲ್ಲಿ ಕ್ಷಯರೋಗ ಮೈದಾನದಿಂದ ಹೊರಗಟ್ಟಿತು. ಅದೇ ರೋಗ ಅಧ್ಯಾಪಕ ವೃತ್ತಿಗೆ ಹೆಬ್ಬಾಗಿಲಾದ ಅತ್ಯುನ್ನತ ಪರೀಕ್ಷೆಗೂ ಅಡ್ಡ ನಿಂತಿತು. ಆ ಪರೀಕ್ಷೆಯಲ್ಲಿ 1929ರಲ್ಲಿ ಇಡೀ ಫ್ರಾನ್ಸಿಗೆ ಪ್ರಥಮನಾದವನು ಸಾರ್ತ್ರೆ, ದ್ವಿತೀಯ ಸ್ಥಾನ ಬೋವಾಳದು. ಒಬ್ಬನಿಗೆ ತತ್ತ್ವಶಾಸ್ತ್ರ ಪಿತ್ರಾರ್ಜಿತ, ಇನ್ನೊಬ್ಬನಿಗೆ ಸ್ವಯಾರ್ಜಿತ. ಈ ಅಂತರವನ್ನು ಇಬ್ಬರೂ ಎಂದೂ ಮರೆಯಲಿಲ್ಲ ಎಂಬುದು ಮುಂದಿನ ಕಥೆಯಲ್ಲಿ ಸ್ಪಷ್ಟವಾಗುತ್ತದೆ.

ಯುದ್ಧಕಾಲ ಈ ಸ್ನೇಹದ ವಸಂತಕಾಲ. ಕಮೂ ಸುಳ್ಳುಹೆಸರಿನ ಗುರುತುಪತ್ರ ಹಿಡಿದು 'ಕೊಂಬಾ' ಎಂಬ ಭೂಗತ ಪತ್ರಿಕೆಯಲ್ಲಿ ದುಡಿದ. 'ಕೊಂಬಾ' ಎಂದರೆ ಕಾಳಗ. 1944ರ ಆಗಸ್ಟ್ 21ರಂದು, ಬೀದಿಗಳಲ್ಲಿ ಇನ್ನೂ ಗುಂಡು ಹಾರುತ್ತಿದ್ದಾಗಲೇ, ಆ ಪತ್ರಿಕೆ ಬಹಿರಂಗವಾಗಿ ಮಾರಾಟಕ್ಕೆ ಬಂತು. ಮೂವತ್ತರ ಕಮೂ ಅದರ ಪ್ರಧಾನ ಸಂಪಾದಕ. ವಿಮೋಚನೆಯ ಪ್ಯಾರಿಸ್ಸಿನ ಕಣ್ಣಾರೆ ಕಂಡ ವೃತ್ತಾಂತವನ್ನು ಅದಕ್ಕೆ ಬರೆದುಕೊಟ್ಟವನು ಸಾರ್ತ್ರೆ. ಆ ದಿನಗಳಲ್ಲೇ ಒಂದು ಪ್ರಸಂಗ ನಡೆಯಿತು. ರಾಷ್ಟ್ರೀಯ ರಂಗಮಂದಿರವನ್ನು ಕಾಯಲು ಹೋದ ಸಾರ್ತ್ರೆ ದಣಿದು ಪ್ರೇಕ್ಷಕರ ಆಸನದಲ್ಲೇ ನಿದ್ದೆಹೋಗಿದ್ದ. ಅಲ್ಲಿಗೆ ಬಂದ ಕಮೂ ಅವನನ್ನು ಎಬ್ಬಿಸಿ, ನಿನ್ನ ಕುರ್ಚಿಯನ್ನು ಸರಿಯಾಗಿ ಇತಿಹಾಸದ ದಿಕ್ಕಿಗೇ ತಿರುಗಿಸಿದ್ದೀಯ ಎಂದು ಛೇಡಿಸಿದ. ಇಬ್ಬರೂ ನಕ್ಕರು. 1945ರ ಜನವರಿಯಲ್ಲಿ ಕಮೂ ಗೆಳೆಯನನ್ನು ಅಮೆರಿಕಕ್ಕೆ ಪತ್ರಿಕೆಯ ವರದಿಗಾರನಾಗಿ ಕಳುಹಿಸಿದ. ಅಲ್ಲಿಯ ಓದುಗರಿಗೆ ಹೊಸ ಫ್ರೆಂಚ್ ಸಾಹಿತ್ಯವನ್ನು ಪರಿಚಯಿಸುವಾಗ ಸಾರ್ತ್ರೆ ಎತ್ತಿ ಹಿಡಿದ ಹೆಸರು ಕಮೂನದೇ.

ಕಮೂ ಅಹಿಂಸಾವಾದಿ, ಸಾರ್ತ್ರೆ ಹಿಂಸಾವಾದಿ ಎಂದು ಹಣೆಪಟ್ಟಿ ಹಚ್ಚಿ ಮುಗಿಸುವುದು ಸುಲಭ, ಆದರೆ ತಪ್ಪು. ನಾಜಿಗಳ ವಿರುದ್ಧದ ಸಶಸ್ತ್ರ ಪ್ರತಿರೋಧಕ್ಕೆ ಕಮೂ ತನ್ನ ಲೇಖನಿಯನ್ನು ಧಾರೆಯೆರೆದಿದ್ದ. ವಿಮೋಚನೆಯಾದ ಹೊಸದರಲ್ಲಿ ದೇಶದ್ರೋಹಿಗಳಿಗೆ ನಿಷ್ಠುರ ಶಿಕ್ಷೆಯಾಗಬೇಕೆಂದು ಗುಡುಗಿದವನೂ ಅವನೇ. ಕ್ಷಮೆಯನ್ನು ಬೋಧಿಸಿದ ಹಿರಿಯ ಸಾಹಿತಿ ಫ್ರಾಂಸ್ವಾ ಮೋರಿಯಾಕ್‌ನೊಡನೆ ವಾದಕ್ಕಿಳಿದಿದ್ದ. ಅವನನ್ನು ಬದಲಿಸಿದ್ದು ಗ್ರಂಥವಲ್ಲ, ಒಂದು ಸಹಿ. ಯಹೂದಿಗಳ ವಿರುದ್ಧ ವಿಷ ಕಾರಿದ್ದ, ನಾಜಿಗಳ ತುತ್ತೂರಿಯಾಗಿದ್ದ ಪತ್ರಕರ್ತ ರೊಬೇರ್ ಬ್ರಜಿಯ್ಯಾಕ್‌ಗೆ ಮರಣದಂಡನೆಯಾದಾಗ, ಪ್ರಾಣಭಿಕ್ಷೆಯ ಮನವಿಯೊಂದು ಕಮೂನ ಮುಂದೆ ಬಂತು. ಆ ಮನುಷ್ಯನನ್ನು ಕಂಡರೆ ಕಮೂಗೆ ಹೇಸಿಗೆ. ಅಂಥವರಿಂದಾಗಿ ತನ್ನ ಸಂಗಾತಿಗಳು ಪ್ರಾಣ ತೆತ್ತಿದ್ದರು. ಇಡೀ ರಾತ್ರಿ ನಿದ್ದೆಗೆಟ್ಟು ಯೋಚಿಸಿ ಕೊನೆಗೆ ಸಹಿ ಹಾಕಿದ. ಸಾರ್ತ್ರೆ ಮತ್ತು ಬೋವಾ ಹಾಕಲಿಲ್ಲ. ಮನವಿ ತಿರಸ್ಕೃತವಾಗಿ 1945ರ ಫೆಬ್ರವರಿ 6ರಂದು ಬ್ರಜಿಯ್ಯಾಕ್‌ಗೆ ಗುಂಡಿಕ್ಕಲಾಯಿತು. ವಾದದಲ್ಲಿ ಮೋರಿಯಾಕ್‌ನೇ ಸರಿ ಎಂದು ಕಮೂ ಮುಂದೊಮ್ಮೆ ಬಹಿರಂಗವಾಗಿ ಒಪ್ಪಿಕೊಂಡ.

ಮರಣದಂಡನೆಯ ಬಗೆಗಿನ ಈ ಅಸಹ್ಯಕ್ಕೆ ಮನೆಯೊಳಗೇ ಒಂದು ಬೇರಿತ್ತು. ಕಂಡೇ ಇರದ ತಂದೆಯ ಬಗ್ಗೆ ಕಮೂ ಕೇಳಿದ್ದ ಕೆಲವೇ ಸಂಗತಿಗಳಲ್ಲಿ ಇದೊಂದು. ಮಕ್ಕಳನ್ನೂ ಸೇರಿಸಿ ಇಡೀ ಕುಟುಂಬವನ್ನು ಕೊಂದವನೊಬ್ಬನಿಗೆ ಗಿಲೊಟಿನ್ ಶಿಕ್ಷೆಯಾದಾಗ, ತಕ್ಕ ಶಾಸ್ತಿಯಾಯಿತೆಂದು ತಂದೆ ನಸುಕಿನಲ್ಲೇ ಎದ್ದು ನೋಡಲು ಹೋದನಂತೆ. ಮರಳಿದವನು ಯಾರೊಡನೆಯೂ ಮಾತಾಡದೆ ಹಾಸಿಗೆಯ ಮೇಲೆ ಬಿದ್ದು ವಾಂತಿ ಮಾಡಿಕೊಂಡನಂತೆ. 1957ರಲ್ಲಿ ಮರಣದಂಡನೆಯ ವಿರುದ್ಧ ಬರೆದ ದೀರ್ಘ ಪ್ರಬಂಧವನ್ನು ಕಮೂ ಈ ಘಟನೆಯಿಂದಲೇ ಆರಂಭಿಸಿದ.

ಮೊದಲ ಬಿರುಕು ಕಾಣಿಸಿಕೊಂಡದ್ದು 1946ರ ಚಳಿಗಾಲದ ಒಂದು ಔತಣದಲ್ಲಿ. ಲೇಖಕ ಹಾಗೂ ಜಾಜ್ ವಾದಕ ಬೋರಿಸ್ ವಿಯಾನನ ಮನೆ. ಆರ್ಥರ್ ಕೋಸ್ಲರ್‌ನ 'ಯೋಗಿ ಮತ್ತು ಕಮಿಸಾರ್' ಕೃತಿಗೆ ಪ್ರತಿಯಾಗಿ ತತ್ತ್ವಜ್ಞಾನಿ ಮೆರ್ಲೊ ಪಾಂಟಿ 'ಯೋಗಿ ಮತ್ತು ಕಾರ್ಮಿಕ' ಎಂಬ ಲೇಖನವನ್ನು ಸಾರ್ತ್ರೆಯ ಪತ್ರಿಕೆ 'ಲೆ ತಾಂ ಮೊದೆರ್ನ್'ನಲ್ಲಿ ಪ್ರಕಟಿಸಿದ್ದ. ನಮ್ಮ ನಾಡಿನ 'ಯೋಗಿ' ಎಂಬ ಪದ ಪ್ಯಾರಿಸ್ಸಿನ ರಾಜಕೀಯ ಜಗಳದಲ್ಲಿ ಅಂತರಂಗದ ಶುದ್ಧಿಯನ್ನೇ ನೆಚ್ಚಿ ಕುಳಿತವನ ಸಂಕೇತವಾದದ್ದು ಒಂದು ಸ್ವಾರಸ್ಯ. ಸ್ಟಾಲಿನ್ ನಡೆಸಿದ ಮಾಸ್ಕೊ ವಿಚಾರಣೆಗಳನ್ನು ಈ ಲೇಖನ ಸಮರ್ಥಿಸುತ್ತದೆ ಎಂದು ಕಮೂ ಮೆರ್ಲೊ ಪಾಂಟಿಯ ಮೇಲೆ ಹರಿಹಾಯ್ದ. ಸಾರ್ತ್ರೆ ಮೆರ್ಲೊ ಪಾಂಟಿಯ ಪರ ವಹಿಸಿದ. ಕಮೂ ಬಾಗಿಲು ದಡಾರನೆ ಬಡಿದು ಹೊರಟುಹೋದ. ಸಾರ್ತ್ರೆ ಬೀದಿಗೆ ಓಡಿ ಎಷ್ಟು ಕರೆದರೂ ಅವನು ಮರಳಲಿಲ್ಲ. ತಿಂಗಳುಗಟ್ಟಲೆ ಮಾತು ನಿಂತಿತ್ತು. ಆಮೇಲೆ ಹೇಗೋ ತೇಪೆ ಬಿತ್ತು.

ಅಚ್ಚರಿಯೆಂದರೆ, ಮುಂದಿನ ಐದು ವರ್ಷ ಈ ಇಬ್ಬರೂ ತಮ್ಮ ವಾದವನ್ನು ನಾಟಕಗಳ ಮೂಲಕವೇ ನಡೆಸಿದರು. 1948ರಲ್ಲಿ ಸಾರ್ತ್ರೆಯ 'ಕೊಳಕು ಕೈಗಳು' ರಂಗಕ್ಕೆ ಬಂತು: ಮೊಳಕೈವರೆಗೂ ಕೆಸರಿನಲ್ಲಿ ಕೈಯಿಡದೆ ಯಾರೂ ರಾಜ್ಯ ಆಳಲಾರರು ಎನ್ನುವ ಅನುಭವಿ ನಾಯಕ, ಪರಿಶುದ್ಧಿಗೆ ಹಂಬಲಿಸುವ ಶ್ರೀಮಂತರ ಮಗ. ಮರುವರ್ಷದ ಡಿಸೆಂಬರ್‌ನಲ್ಲಿ ಕಮೂನ 'ನ್ಯಾಯನಿಷ್ಠರು' ಬಂತು. ಅದರ ವಸ್ತು 1905ರ ರಷ್ಯದ ಒಂದು ನಿಜ ಘಟನೆ. ಕಲ್ಯಾಯೆವ್ ಎಂಬ ಕ್ರಾಂತಿಕಾರಿ ಮಹಾಪ್ರಭು ಸೆರ್ಗೆಯ ಸಾರೋಟಿಗೆ ಬಾಂಬು ಎಸೆಯಲು ನಿಂತಿದ್ದಾನೆ. ಸಾರೋಟು ಬರುತ್ತದೆ. ಒಳಗೆ ಇಬ್ಬರು ಮಕ್ಕಳು ಕಾಣುತ್ತಾರೆ. ಎತ್ತಿದ ಕೈ ಇಳಿಯುತ್ತದೆ. ಎರಡು ದಿನಗಳ ನಂತರ, ಪ್ರಭುವೊಬ್ಬನೇ ಇದ್ದಾಗ, ಅದೇ ಕೈ ಬಾಂಬು ಎಸೆಯುತ್ತದೆ. ಕಲ್ಯಾಯೆವ್ ಕ್ಷಮೆ ಬೇಡದೆ ಗಲ್ಲಿಗೇರುತ್ತಾನೆ. ಮಲಗಿದ ಪಾಂಡವರ ಮಕ್ಕಳನ್ನು ಇರುಳಲ್ಲಿ ತರಿದ ಅಶ್ವತ್ಥಾಮನನ್ನು ಬಲ್ಲ ಕನ್ನಡದ ಓದುಗನಿಗೆ ಆ ಇಳಿದ ಕೈಯ ಬೆಲೆಯನ್ನು ವಿವರಿಸಬೇಕಿಲ್ಲ.

ಕಮೂನ ನಿಲುವಿನ ತಿರುಳು ಇಲ್ಲಿದೆ. ಕೊಲೆ ಕೆಲವೊಮ್ಮೆ ಅನಿವಾರ್ಯವಾಗಬಹುದು, ಆದರೆ ಎಂದಿಗೂ ಸಮರ್ಥನೀಯವಾಗದು. ಕೊಂದವನು ಋಣಿ. ಕಲ್ಯಾಯೆವ್ ಆ ಋಣವನ್ನು ತನ್ನ ಪ್ರಾಣದಿಂದಲೇ ತೀರಿಸಿದ. ಆದ್ದರಿಂದ ಅವನ ಕೈಗೆ ಮಿತಿಯೊಂದು ತಿಳಿದಿತ್ತು. ಋಣವನ್ನು ಇತಿಹಾಸದ ಖಾತೆಗೆ ಬರೆದು, ಮುಂದೆ ಬರಲಿರುವ ಸಮಾನತೆಯ ಸ್ವರ್ಗ ಎಲ್ಲವನ್ನೂ ಚುಕ್ತಾ ಮಾಡುತ್ತದೆಂದು ನಂಬಿದವನಿಗೆ ಮಿತಿಯೆಂಬುದೇ ಇಲ್ಲ. ಸಾರ್ತ್ರೆಯ ಉತ್ತರವೂ ರಂಗದಿಂದಲೇ ಬಂತು. 1951ರ ಜೂನ್‌ನಲ್ಲಿ ಪ್ರದರ್ಶನಗೊಂಡ 'ಸೈತಾನ ಮತ್ತು ಸದ್ಗುಣಿ ದೇವರು' ನಾಟಕದಲ್ಲಿ ನಾಯಕ ಗೊಯೆಟ್ಸ್ ಮೊದಲು ಶುದ್ಧ ಕೆಡುಕನ್ನೂ ಬಳಿಕ ಶುದ್ಧ ಒಳಿತನ್ನೂ ಪ್ರಯೋಗಿಸಿ ಎರಡರಲ್ಲೂ ಸೋತು, ಕಡೆಗೆ ಒಬ್ಬ ಅಧಿಕಾರಿಯನ್ನು ಇರಿದು ರೈತರ ಸೈನ್ಯದ ನಾಯಕತ್ವ ವಹಿಸುತ್ತಾನೆ. ಕೈ ಶುದ್ಧವಾಗಿಟ್ಟುಕೊಳ್ಳುವುದೂ ಒಂದು ಪಾಪ, ಏಕೆಂದರೆ ಸುಮ್ಮನಿದ್ದವನು ಚಾಲ್ತಿಯಲ್ಲಿರುವ ಹಿಂಸೆಗೆ ಪಾಲುದಾರ. 'ನ್ಯಾಯನಿಷ್ಠರು' ನಾಟಕದಲ್ಲೂ ಇದರಲ್ಲೂ ನಾಯಕಿಯಾಗಿ ನಟಿಸಿದವಳು ಒಬ್ಬಳೇ: ಕಮೂನ ಪ್ರೇಯಸಿ, ಮಹಾನಟಿ ಮಾರಿಯಾ ಕಸಾರೆಸ್.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಮೂನ ಬೃಹತ್ ಪ್ರಬಂಧ 'ಲೋಮ್ ರೆವೋಲ್ತೆ', ಎಂದರೆ 'ಬಂಡೆದ್ದ ಮನುಷ್ಯ', ಹೊರಬಂತು. ಫ್ರೆಂಚ್ ಕ್ರಾಂತಿಯ ದಿನಗಳಿಂದ ಹಿಡಿದು ರಷ್ಯದವರೆಗೆ ಬಂಡಾಯಗಳು ಹೇಗೆ ಪೊಲೀಸ್ ರಾಜ್ಯಗಳಾಗಿ ಪರಿಣಮಿಸಿದವು ಎಂಬುದರ ವಿಚಾರಣೆಯದು. ಇತಿಹಾಸವನ್ನೇ ದೇವರ ಪೀಠದಲ್ಲಿ ಕೂರಿಸಿದ ಹೆಗೆಲ್ ಮತ್ತು ಮಾರ್ಕ್ಸ್‌ರ ಅನುಯಾಯಿಗಳ ಮೇಲೆ ಅದರ ಆರೋಪ. ಸೋವಿಯತ್ ಶ್ರಮಶಿಬಿರಗಳ ಸುದ್ದಿ ಆ ವೇಳೆಗೆ ಗುಟ್ಟಾಗಿ ಉಳಿದಿರಲಿಲ್ಲ. ಸಾರ್ತ್ರೆಯ ಪತ್ರಿಕೆಯೇ 1950ರ ಜನವರಿಯಲ್ಲಿ ಅವನ್ನು ಖಂಡಿಸಿತ್ತು. ಆದರೆ ಕೊರಿಯಾ ಯುದ್ಧ ಜಗತ್ತನ್ನು ಎರಡು ಪಾಳಯವಾಗಿ ಸೀಳಿತ್ತು. ಅಂಥ ಗಳಿಗೆಯಲ್ಲಿ ಕಮ್ಯುನಿಸಂ ವಿರುದ್ಧ ಬರೆದದ್ದೆಲ್ಲ ಬಂಡವಾಳಶಾಹಿಯ ಕೈಗೆ ಕೊಟ್ಟ ಆಯುಧ ಎಂಬುದು ಸಾರ್ತ್ರೆಯ ವಾದ. 1952ರ ಮೇ ತಿಂಗಳ ಕೊನೆಗೆ ಪ್ಯಾರಿಸ್ಸಿನಲ್ಲಿ ಒಂದು ನಗೆಪಾಟಲಿನ ಪ್ರಸಂಗ ನಡೆಯಿತು. ಕಮ್ಯುನಿಸ್ಟ್ ಮುಖಂಡ ಜಾಕ್ ದ್ಯುಕ್ಲೊನ ಕಾರಿನಲ್ಲಿ ಪಾರಿವಾಳಗಳು ಸಿಕ್ಕವೆಂದು, ಅವು ಗುಪ್ತಸಂದೇಶ ಒಯ್ಯುವ ಹಕ್ಕಿಗಳೆಂದು ಶಂಕಿಸಿ ಪೊಲೀಸರು ಅವನನ್ನು ಬಂಧಿಸಿದರು. ಅವು ಊಟಕ್ಕೆಂದು ಒಯ್ಯುತ್ತಿದ್ದ ಹಕ್ಕಿಗಳು! ಇಟಲಿಯಲ್ಲಿದ್ದ ಸಾರ್ತ್ರೆ ಕಿಡಿಕಿಡಿಯಾಗಿ ಮರಳಿ, ಹಗಲಿರುಳು ಕುಳಿತು ಕಮ್ಯುನಿಸ್ಟರ ಸಮರ್ಥನೆಗೆ ತೊಡಗಿದ.

ಗೆಳೆಯನ ಗ್ರಂಥ ಸಾರ್ತ್ರೆಗೆ ಹಿಡಿಸಿರಲಿಲ್ಲ, ಬರೆದು ನೋಯಿಸುವ ಮನಸ್ಸೂ ಇರಲಿಲ್ಲ. ತಿಂಗಳುಗಳು ಉರುಳಿದವು. ಕೊನೆಗೆ 'ಲೆ ತಾಂ ಮೊದೆರ್ನ್' ಬಳಗದ ಇಪ್ಪತ್ತೊಂಬತ್ತರ ಫ್ರಾಂಸಿಸ್ ಜಾನ್ಸನ್ ಬರೆಯಲು ಮುಂದಾದ. ವಿಮರ್ಶೆ ಕಟುವಾಗಿರುತ್ತದೆಂದು ಸಾರ್ತ್ರೆ ಕಮೂಗೆ ಮೊದಲೇ ಎಚ್ಚರಿಸಿದ. ಆ ಭೇಟಿಯಲ್ಲಿ ಕಮೂನ ಮುಖ ಬಾಡಿತು. ಮೇ ಸಂಚಿಕೆಯ ಇಪ್ಪತ್ತಕ್ಕೂ ಹೆಚ್ಚು ಪುಟಗಳಲ್ಲಿ ಜಾನ್ಸನ್ ಗ್ರಂಥವನ್ನು ಸೀಳಿಹಾಕಿದ. ಶೈಲಿಯನ್ನು ಅತಿಯಾಗಿ ಹೊಗಳಿ ಹೊಗಳಿಕೆಯನ್ನೇ ಗೇಲಿಯಾಗಿಸಿದ. ಇತಿಹಾಸವನ್ನೇ ತೊರೆದು ಎತ್ತರದಲ್ಲಿ ನಿಂತ ಸುಂದರ ಆತ್ಮ ಎಂಬ ಧಾಟಿಯಲ್ಲಿ ಲೇಖಕನನ್ನು ಚಿತ್ರಿಸಿದ.

ಕಮೂ ಜಾನ್ಸನ್‌ಗೆ ಉತ್ತರಿಸಲಿಲ್ಲ. ಜೂನ್ 30ರ ತಾರೀಖಿನ ಪತ್ರ ನೇರವಾಗಿ ಸಾರ್ತ್ರೆಗೆ ಹೋಯಿತು, 'ಸಂಪಾದಕ ಮಹಾಶಯರೇ' ಎಂಬ ಸಂಬೋಧನೆಯೊಂದಿಗೆ. ಒಂಬತ್ತು ವರ್ಷ ಒಂದೇ ಮೇಜಿನ ಸುತ್ತ ಕುಡಿದು ಹರಟಿದ ಗೆಳೆಯನಿಗೆ ಆ ಒಂದು ಸಂಬೋಧನೆಗಿಂತ ಕ್ರೂರವಾದ ಏಟು ಇಡೀ ಪತ್ರದಲ್ಲಿ ಇನ್ನೊಂದಿಲ್ಲ. ಜಾನ್ಸನ್‌ನ ಹೆಸರನ್ನೂ ಎತ್ತದೆ 'ನಿಮ್ಮ ಸಹಯೋಗಿ' ಎಂದೇ ಬರೆದ. ಶ್ರಮಶಿಬಿರಗಳ ಬಗ್ಗೆ ಆ ವಿಮರ್ಶೆಯಲ್ಲಿ ಮೌನವೇಕೆ ಎಂದು ಕೇಳಿದ. ಇತಿಹಾಸದ ದಿಕ್ಕಿಗೆ ತಮ್ಮ ಕುರ್ಚಿಯನ್ನು ತಿರುಗಿಸಿದ್ದರ ಹೊರತು ಬೇರೇನೂ ಮಾಡದ ಟೀಕಾಕಾರರಿಂದ ಪಾಠ ಕೇಳಿ ಸಾಕಾಗಿದೆ ಎಂದ. 1944ರ ಆ ನಗೆ ಈಗ ಚೂರಿಯಾಗಿತ್ತು, ಅದು ಯಾರಿಗೆ ನಾಟಬೇಕೆಂದು ಇಬ್ಬರಿಗೂ ಗೊತ್ತಿತ್ತು.

ಆಗಸ್ಟ್ ಸಂಚಿಕೆಯಲ್ಲಿ ಕಮೂನ ಪತ್ರದ ಜೊತೆಗೇ ಸಾರ್ತ್ರೆಯ ಉತ್ತರ ಅಚ್ಚಾಯಿತು. ನಮ್ಮ ಸ್ನೇಹ ಸುಲಭದ್ದಾಗಿರಲಿಲ್ಲ, ಆದರೂ ಅದು ಇಲ್ಲವಾದದ್ದಕ್ಕೆ ಮರುಗುತ್ತೇನೆ ಎಂಬ ಭಾವದಿಂದ ಆರಂಭವಾದ ಆ ಬರಹ ಕೆಲವೇ ಸಾಲುಗಳಲ್ಲಿ ಕೈಕೊಡಲಿಯಾಗುತ್ತದೆ. ಅಹಂಕಾರದ ಆರೋಪ, ಬಡವರ ಹೆಸರಿನಲ್ಲಿ ಮಾತಾಡುವ ಹಕ್ಕನ್ನು ನೀನೀಗ ಕಳೆದುಕೊಂಡಿದ್ದೀ ಎಂಬ ಚುಚ್ಚು, ಮೂಲಗ್ರಂಥಗಳನ್ನು ಓದದೆ ಎರಡನೆಯ ಕೈಯಿಂದ ತತ್ತ್ವ ಕಲಿತಿದ್ದೀ ಎಂಬ ಹಳೆಯ ಚಾಟಿ. ಕಮೂನ ವಿಚಾರಕ್ಕಿಂತ ಕಮೂ ಎಂಬ ವ್ಯಕ್ತಿಯನ್ನೇ ಅಲ್ಲಿ ಛೇದಿಸಲಾಗಿದೆ. ವಾದಕೌಶಲದಲ್ಲಿ ಸಾರ್ತ್ರೆ ಗೆದ್ದನೆಂದು ಅಂದಿನ ಬಹುಪಾಲು ಪ್ಯಾರಿಸ್ ತೀರ್ಮಾನಿಸಿತು. ಸಂಚಿಕೆ ಬಿಸಿದೋಸೆಯಂತೆ ಖರ್ಚಾಯಿತು, ದಿನಪತ್ರಿಕೆಗಳು ತಲೆಬರಹ ಕೊಟ್ಟವು. ಕಮೂ ತಿಂಗಳುಗಟ್ಟಲೆ ಕುಗ್ಗಿಹೋದ. ಇಬ್ಬರೂ ಮತ್ತೆಂದೂ ಗೆಳೆಯರಾಗಿ ಎದುರು ಕೂರಲಿಲ್ಲ. ಎರಡು ವರ್ಷಗಳ ನಂತರ ಬೋವಾ ತನ್ನ 'ಮಂಡಾರಿನರು' ಕಾದಂಬರಿಯಲ್ಲಿ ಇಂಥದೇ ಇಬ್ಬರು ಗೆಳೆಯರನ್ನು ಜಗಳವಾಡಿಸಿ, ಮತ್ತೆ ಕೂಡಿಸಿದಳು. ಅದು ಗೊಂಕೂರ್ ಪ್ರಶಸ್ತಿ ಪಡೆಯಿತು. ಕಮೂಗೆ ಅದನ್ನು ಓದಿ ಇನ್ನಷ್ಟು ಗಾಯವಾಯಿತು.

ಎಪ್ಪತ್ತು ವರ್ಷಗಳ ದೂರದಿಂದ ನೋಡಿದಾಗ ಸೋವಿಯತ್ ವಿಷಯದಲ್ಲಿ ಕಮೂ ಕಂಡದ್ದೇ ನಿಜವೆನ್ನಲು ಯಾವ ಅಳುಕೂ ಬೇಡ. 1954ರಲ್ಲಿ ರಷ್ಯ ಸುತ್ತಿ ಬಂದ ಸಾರ್ತ್ರೆ ಅಲ್ಲಿ ಟೀಕೆಗೆ ಪೂರ್ಣ ಸ್ವಾತಂತ್ರ್ಯವಿದೆ ಎಂದು ಸಾರಿದ. ಎರಡೇ ವರ್ಷಗಳಲ್ಲಿ ಬುಡಾಪೆಸ್ಟ್‌ನ ಬೀದಿಗೆ ರಷ್ಯದ ಟ್ಯಾಂಕುಗಳು ನುಗ್ಗಿದಾಗ ತಾನೇ ಖಂಡಿಸಬೇಕಾಯಿತು. 'ಯೋಗಿ' ಲೇಖನದ ಮೆರ್ಲೊ ಪಾಂಟಿಯೂ ಅಷ್ಟರೊಳಗೆ ಸಾರ್ತ್ರೆಯನ್ನು ತೊರೆದಿದ್ದ. ಆದರೆ ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಒಬ್ಬ ಸಂತನ ಮತ್ತು ಒಬ್ಬ ತಪ್ಪಿತಸ್ಥನ ಕಥೆಯಾಗುತ್ತಿತ್ತು. 1954ರ ನವೆಂಬರ್ 1ರಂದು ಅಲ್ಜೀರಿಯದಲ್ಲಿ ಸ್ವಾತಂತ್ರ್ಯಸಮರ ಭುಗಿಲೆದ್ದಿತು.

ಸುಮಾರು 90 ಲಕ್ಷ ಮುಸ್ಲಿಮರ ನಾಡಿನಲ್ಲಿ ಸುಮಾರು 10 ಲಕ್ಷ ಐರೋಪ್ಯ ವಲಸಿಗರು. ಕಮೂನ ತಾಯಿ ಆ ಹತ್ತು ಲಕ್ಷದಲ್ಲಿ ಒಬ್ಬಳು. ಅರಬರ ಬವಣೆಯನ್ನು ಅವನಷ್ಟು ಮೊದಲು ಬರೆದ ಫ್ರೆಂಚರು ವಿರಳ. ಕಬೀಲಿಯಾ ಪ್ರಾಂತದ ಹಸಿವಿನ ಬಗ್ಗೆ 1939ರಲ್ಲೇ ಸರಣಿ ವರದಿ ಮಾಡಿದ್ದ. ಆದರೆ ಸ್ವತಂತ್ರ ಅಲ್ಜೀರಿಯವನ್ನು ಊಹಿಸಿಕೊಳ್ಳಲು ಅವನಿಂದ ಕಡೆಯವರೆಗೂ ಆಗಲಿಲ್ಲ. 1956ರ ಜನವರಿಯಲ್ಲಿ ಅಲ್ಜೀರ್ಸ್‌ಗೆ ಹೋಗಿ, ಎರಡೂ ಕಡೆಯವರು ನಿರಪರಾಧಿ ನಾಗರಿಕರನ್ನಾದರೂ ಕೊಲ್ಲದಿರಲಿ ಎಂದು ಬೇಡಿದ. ಹೊರಗೆ ನೆರೆದ ವಲಸಿಗರ ಗುಂಪು ಅವನ ಸಾವಿಗಾಗಿಯೇ ಘೋಷಣೆ ಕೂಗಿತು. ಆಮೇಲೆ ಅವನು ಹೆಚ್ಚುಕಡಿಮೆ ಮೌನಿಯಾದ. ತೆರೆಮರೆಯಲ್ಲಿ ಮಾತ್ರ ಗಲ್ಲುಶಿಕ್ಷೆಗೊಳಗಾದ ಅನೇಕ ಅಲ್ಜೀರಿಯನ್ನರ ಜೀವದಾನಕ್ಕಾಗಿ ಪತ್ರ ಬರೆಯುತ್ತಿದ್ದ. 1958ರಲ್ಲಿ ತನ್ನ ಅಲ್ಜೀರಿಯ ಬರಹಗಳ ಸಂಕಲನಕ್ಕೆ ಬರೆದ ಮುನ್ನುಡಿಯಲ್ಲಿ ಅವನು ಗಾಂಧೀಜಿಯನ್ನು ನೆನೆದದ್ದು ಭಾರತೀಯರಿಗೆ ವಿಶೇಷ: ಜಗತ್ತಿನ ಗೌರವವನ್ನು ಕ್ಷಣಕ್ಕೂ ಕಳೆದುಕೊಳ್ಳದೆ ತನ್ನ ಜನಕ್ಕಾಗಿ ಹೋರಾಡಿ ಗೆಲ್ಲಬಹುದೆಂದು ಗಾಂಧಿ ತೋರಿಸಿಕೊಟ್ಟರು ಎಂದ.

ನೊಬೆಲ್ ಸ್ವೀಕರಿಸಲು ಸ್ಟಾಕ್‌ಹೋಮ್‌ಗೆ ಹೋದಾಗ, 1957ರ ಡಿಸೆಂಬರ್ 12ರಂದು, ಅಲ್ಜೀರಿಯದ ಯುವಕನೊಬ್ಬ ಸಭೆಯಲ್ಲೇ ಅವನನ್ನು ತರಾಟೆಗೆ ತೆಗೆದುಕೊಂಡ. ಕಮೂನ ಉತ್ತರ ಲೋಕಪ್ರಸಿದ್ಧ, ಅಷ್ಟೇ ಅಪಭ್ರಂಶಗೊಂಡದ್ದು. ನ್ಯಾಯಕ್ಕಿಂತ ತಾಯಿ ಮೇಲು ಎಂದು ಅವನು ಸಾರಾಸಗಟಾಗಿ ಹೇಳಲಿಲ್ಲ. ಅಲ್ಜೀರ್ಸ್‌ನ ಟ್ರಾಮುಗಳಲ್ಲಿ ಈಗ ಬಾಂಬು ಇಡುತ್ತಿದ್ದಾರೆ, ಅಂಥ ಒಂದು ಟ್ರಾಮಿನಲ್ಲಿ ನನ್ನ ತಾಯಿ ಕುಳಿತಿರಬಹುದು, ಅದೇ ನ್ಯಾಯವೆನ್ನುವುದಾದರೆ ನನಗೆ ತಾಯಿಯೇ ಹೆಚ್ಚು ಎಂದ. ಸಾರೋಟಿನಲ್ಲಿದ್ದ ಮಕ್ಕಳನ್ನು ಕಂಡು ಕೈ ಇಳಿಸಿದ ಕಲ್ಯಾಯೆವ್‌ನ ಮಾತೇ ಇದು. ಆದರೆ ವಸಾಹತಿನಲ್ಲಿ ಅರಬ್ ತಾಯಂದಿರ ಮೇಲೆ ನೂರಿಪ್ಪತ್ತು ವರ್ಷಗಳಿಂದ ನಡೆದ ಹಿಂಸೆಗೆ ಈ ಮಾತಿನಲ್ಲಿ ಜಾಗವೆಲ್ಲಿ ಎಂದು ಆ ಯುವಕ ಕೇಳಿದ್ದರೆ, ಕಮೂನ ಬಳಿ ಸಿದ್ಧ ಉತ್ತರವಿರಲಿಲ್ಲ.

ಸಾರ್ತ್ರೆಯ ಬಳಿ ಇತ್ತು. ಅಲ್ಜೀರಿಯದ ವಿಷಯದಲ್ಲಿ ಅವನು ಪ್ರಾಣವನ್ನೇ ಪಣಕ್ಕಿಟ್ಟ; ಅವನ ಕುರ್ಚಿ ಈ ಬಾರಿ ಖಾಲಿಯಿತ್ತು. ಜಾನ್ಸನ್ ಅಲ್ಜೀರಿಯದ ಹೋರಾಟಗಾರರಿಗೆ ಹಣದ ಪೆಟ್ಟಿಗೆ ಸಾಗಿಸುವ ಗುಪ್ತಜಾಲ ಕಟ್ಟಿದರೆ, ಸಾರ್ತ್ರೆ 1960ರಲ್ಲಿ ಸೈನಿಕರ ಅವಿಧೇಯತೆಯನ್ನು ಬೆಂಬಲಿಸುವ 121 ಮಂದಿಯ ಹೇಳಿಕೆಗೆ ಸಹಿ ಹಾಕಿದ. ಅವನು ತಾಯಿಯೊಂದಿಗೆ ವಾಸವಾಗಿದ್ದ ಬೊನಾಪಾರ್ಟ್ ಬೀದಿಯ ಮನೆಯ ಮೇಲೆ 1961 ಮತ್ತು 1962ರಲ್ಲಿ ಎರಡು ಬಾರಿ ಬಾಂಬು ಬಿತ್ತು. ಆದರೆ ಅದೇ ಸಾರ್ತ್ರೆ 1961ರಲ್ಲಿ ವಸಾಹತುಶಾಹಿಯ ವಿರೋಧಿ ಚಿಂತಕ ಫ್ರಾಂಜ್ ಫನೋನನ ಗ್ರಂಥಕ್ಕೆ ಬರೆದ ಮುನ್ನುಡಿಯಲ್ಲಿ, ವಸಾಹತುಗಾರನನ್ನು ಕೊಲ್ಲುವ ಕ್ರಿಯೆಯಲ್ಲೇ ದಾಸನ ವಿಮೋಚನೆಯನ್ನು ಕಂಡ. ಫನೋನ್ ಕೂಡ ಅಷ್ಟು ದೂರ ಹೋಗಿರಲಿಲ್ಲವೆಂದು ಓದಿದವರು ಬಲ್ಲರು. ಯಾರನ್ನು ಬೆಂಬಲಿಸಬೇಕೆಂಬುದರಲ್ಲಿ ಸಾರ್ತ್ರೆ ಸರಿ. ರಕ್ತದ ಬಗ್ಗೆ ಅವನು ತೋರಿದ ಹುಮ್ಮಸ್ಸು ಮಾತ್ರ ಇಂದು ಓದುವಾಗ ಮೈ ಜುಮ್ಮೆನ್ನಿಸುತ್ತದೆ.

ಆ ಮುನ್ನುಡಿಯನ್ನು ಓದಲು ಕಮೂ ಬದುಕಿರಲಿಲ್ಲ. 1960ರ ಜನವರಿ 4ರಂದು, ಪ್ರಕಾಶಕ ಮಿಶೆಲ್ ಗಲಿಮಾರ್ ಓಡಿಸುತ್ತಿದ್ದ ಫಾಸೆಲ್ ವೇಗಾ ಕಾರು ವಿಲ್‌ಬ್ಲೆವಾಂ ಎಂಬಲ್ಲಿ ಸಾಲುಮರಕ್ಕೆ ಅಪ್ಪಳಿಸಿತು. ಕಮೂಗೆ ನಲವತ್ತಾರು. ಅವನ ಜೇಬಿನಲ್ಲಿ ಬಳಸದ ರೈಲು ಟಿಕೆಟ್ ಇತ್ತು. ರೈಲಿನಲ್ಲಿ ಹೊರಟಿದ್ದವನು ಗೆಳೆಯನ ಒತ್ತಾಯಕ್ಕೆ ಕಾರು ಹತ್ತಿದ್ದ. ಕೆಸರಿನಲ್ಲಿ ಬಿದ್ದಿದ್ದ ಚೀಲದಲ್ಲಿ 144 ಪುಟಗಳ ಹಸ್ತಪ್ರತಿ ಸಿಕ್ಕಿತು: ಬಾಲ್ಯ, ಬೆಲ್‌ಕೂರ್, ತಂದೆಯ ಹುಡುಕಾಟ. ಓದುಬಾರದ ತಾಯಿಗೆ ಅರ್ಪಿಸಿದ ಆ ಕಾದಂಬರಿ 'ಮೊದಲ ಮನುಷ್ಯ' ಬೆಳಕು ಕಂಡದ್ದು 1994ರಲ್ಲಿ. ಸಾವಿನ ಮೂರನೆಯ ದಿನ ಸಾರ್ತ್ರೆ ಒಂದು ಶ್ರದ್ಧಾಂಜಲಿ ಪ್ರಕಟಿಸಿದ. ಜಗಳವೆಂಬುದೂ ಜೊತೆಗೆ ಬಾಳುವ ಒಂದು ಬಗೆ, ಅವನು ಈ ಹೊತ್ತು ಏನು ಓದುತ್ತಿರಬಹುದು, ಏನನ್ನುತ್ತಿರಬಹುದು ಎಂದು ನಾನು ಯೋಚಿಸುವುದನ್ನು ಅದು ತಪ್ಪಿಸಲಿಲ್ಲ ಎಂಬುದು ಅದರ ಸಾರ. ಹದಿನೈದು ವರ್ಷಗಳ ಮೇಲೆ, ಕಣ್ಣು ಬಹುತೇಕ ಇಂಗಿಹೋಗಿದ್ದ ಎಪ್ಪತ್ತರ ಸಾರ್ತ್ರೆ ಒಂದು ಸಂದರ್ಶನದಲ್ಲಿ ಕಮೂ ಬಹುಶಃ ತನ್ನ ಕೊನೆಯ ಒಳ್ಳೆಯ ಗೆಳೆಯ ಎಂದ.

ಈ ಇಬ್ಬರೂ ಕನ್ನಡಕ್ಕೆ ಅಪರಿಚಿತರಲ್ಲ. 'ಅಸ್ತಿತ್ವವಾದ', 'ಅಸಂಗತ' ಎಂಬ ಪದಗಳು ನವ್ಯದ ದಿನಗಳಲ್ಲಿ ನಮ್ಮ ಸಾಹಿತ್ಯ ಗೋಷ್ಠಿಗಳಲ್ಲಿ ಮನೆಮಾತಾಗಿದ್ದವು. ಗಿರೀಶ ಕಾರ್ನಾಡರ 'ತುಘಲಕ್'ನಲ್ಲಿ ಕಮೂನ 'ಕ್ಯಾಲಿಗುಲಾ'ದ ನೆರಳನ್ನು ವಿಮರ್ಶಕರು ಗುರುತಿಸುತ್ತ ಬಂದಿದ್ದಾರೆ. ಆದರ್ಶಕ್ಕಾಗಿ ರಕ್ತ ಹರಿಸುವ ದೊರೆಯ ಕಥೆ ಕನ್ನಡದಲ್ಲಿ ಅಷ್ಟು ಸಹಜವಾಗಿ ಒಗ್ಗಿಕೊಂಡದ್ದು ನಮ್ಮ ರಂಗಭೂಮಿಯ ಭಾಗ್ಯ.

ಇಂದು ಕಮೂನ ಕೀರ್ತಿ ಏರುಮುಖದಲ್ಲಿದೆ. 2020ರಲ್ಲಿ ಕೊರೊನಾ ಲೋಕವನ್ನು ಮನೆಯೊಳಗೆ ಕೂಡಿಹಾಕಿದಾಗ ಅವನ 1947ರ 'ಪ್ಲೇಗ್' ಕಾದಂಬರಿ ನಾನಾ ದೇಶಗಳಲ್ಲಿ ಮತ್ತೆ ಬಿಸಿಬಿಸಿಯಾಗಿ ಮಾರಾಟವಾಯಿತು. ಅಲ್ಜೀರಿಯದ ಲೇಖಕ ಕಮೆಲ್ ದಾವುದ್ 2013ರಲ್ಲಿ 'ಅನ್ಯ'ದ ಹೆಸರಿಲ್ಲದ ಹತ ಅರಬನಿಗೆ ಮೂಸಾ ಎಂಬ ಹೆಸರು ಕೊಟ್ಟು, ಅವನ ತಮ್ಮನ ಬಾಯಿಂದ ಕಥೆಯನ್ನು ಮರಳಿ ಹೇಳಿಸಿದ. ಸ್ಟಾಕ್‌ಹೋಮ್‌ನ ಯುವಕನ ಪ್ರಶ್ನೆಗೆ ಅರ್ಧ ಶತಮಾನದ ನಂತರ ಸಾಹಿತ್ಯ ಕೊಟ್ಟ ಉತ್ತರದಂತಿದೆ ಅದು. 2009ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸರ್ಕೋಜಿ ಕಮೂನ ಅವಶೇಷಗಳನ್ನು ರಾಷ್ಟ್ರಪುರುಷರ ಸಮಾಧಿಮಂದಿರ ಪ್ಯಾಂಥಿಯನ್‌ಗೆ ತರಬಯಸಿದಾಗ ಮಗ ಒಪ್ಪಲಿಲ್ಲ. ಹೀಗಾಗಿ ಕಮೂ ಪ್ಯಾರಿಸ್ಸಿನಿಂದ ಸುಮಾರು 700 ಕಿಲೋಮೀಟರ್ ದೂರದ ಲೂರ್‌ಮರಾಂ ಹಳ್ಳಿಯಲ್ಲೇ ಇದ್ದಾನೆ. ನೊಬೆಲ್ ಹಣದಿಂದ ಮನೆ ಕೊಂಡ ಊರದು. ಒರಟು ಕಲ್ಲು, ಅದರ ಮೇಲೆ ಹೆಸರು ಮತ್ತು ಎರಡು ಇಸವಿ, ಸುತ್ತ ಗಿಡಗಳು.

1980ರ ಏಪ್ರಿಲ್‌ನಲ್ಲಿ ತೀರಿಕೊಂಡ ಸಾರ್ತ್ರೆಯ ಅಂತಿಮಯಾತ್ರೆಗೆ ಸುಮಾರು 50,000 ಜನ ಬೀದಿಗಿಳಿದಿದ್ದರು. ಪ್ಯಾರಿಸ್ಸಿನ ಮೊಂಪರ್ನಾಸ್ ಸ್ಮಶಾನದಲ್ಲಿ ಅವನ ಜೊತೆಗೇ ಬೋವಾ ಮಲಗಿದ್ದಾಳೆ. ಕಾಗದದ ಟಿಕೆಟ್ಟುಗಳಿದ್ದ ದಿನಗಳಲ್ಲಿ ಅಲ್ಲಿಗೆ ಬರುತ್ತಿದ್ದ ಯುವಜನರು ಹೂವಿನ ಜೊತೆಗೆ ಕಲ್ಲಿನ ಮೇಲೆ ತಮ್ಮ ಮೆಟ್ರೊ ಟಿಕೆಟ್ಟುಗಳನ್ನೂ ಇಟ್ಟು, ಗಾಳಿಗೆ ಹಾರದಂತೆ ಚಿಕ್ಕ ಹರಳೊಂದನ್ನು ಹೇರಿ ಹೋಗುತ್ತಿದ್ದರು.